ಏಳು ತಿಂಗಳಲ್ಲಿ ಮೂರನೇ ಸಲ ಇದೇ ತುರಿಕೆ, ಮೆಡಿಕಲ್‌ನವನ ಮಾತ್ರೆ ಈ ಸಲ ಕೇಳ್ತಿಲ್ಲ

ಡೊಂಬಿವಲಿ ಫಾಸ್ಟ್

ಮೂರು ದಿನದಿಂದ ಬರೆಯೋದು, ಅಳಿಸೋದು ಮಾಡುತ್ತಿದ್ದೇನೆ. ಅತ್ತೆ ಹತ್ತಿರ ಹೇಳೋಕಾಗಲ್ಲ. ಅಮ್ಮ ಶಿವಮೊಗ್ಗದಲ್ಲಿದ್ದಾಳೆ, ಫೋನ್ ಮಾಡಿದರೆ ಪಕ್ಕದಲ್ಲೇ ಅಪ್ಪ ಕೂತಿರುತ್ತಾರೆ. ಈ ಆನ್‌ಲೈನ್ ಗುಂಪಿನಲ್ಲಿ ನಾನು ಯಾರು ಅಂತ ಯಾರಿಗೂ ಗೊತ್ತಿಲ್ಲ, ಆ ಧೈರ್ಯದ ಮೇಲೆ ಬರೀತಿದ್ದೇನೆ.

ನನಗೆ 31 ವರ್ಷ. ಕಳೆದ ನವೆಂಬರ್‌ನಲ್ಲಿ ಹಲ್ಲಿಗೆ ರೂಟ್ ಕೆನಾಲ್ ಆಯಿತು. ಐದು ದಿನ ಆಂಟಿಬಯಾಟಿಕ್ ತಗೊಂಡೆ. ಅದು ಮುಗಿದ ವಾರದಲ್ಲೇ ಕೆಳಗೆ ತುರಿಕೆ ಶುರುವಾಯಿತು. ಒಡೆದ ಹಾಲಿನ ಹಾಗೆ ಬಿಳಿ ಹೋಗುತ್ತಿತ್ತು. ಮೂತ್ರ ಮಾಡಿದರೆ ಚರ್ಮ ಉರಿಯುತ್ತಿತ್ತು. ಲೇಡಿ ಡಾಕ್ಟರ್ ನೋಡಿ 'ಯೀಸ್ಟ್ ಇನ್ಫೆಕ್ಷನ್' ಅಂದರು. ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದೇ ಒಂದು ಮಾತ್ರೆ. ನಾಲ್ಕು ದಿನದಲ್ಲಿ ಏನೂ ಇಲ್ಲ.

ಫೆಬ್ರವರಿಯಲ್ಲಿ ಮತ್ತೆ ತುರಿಕೆ. ಹಳೇ ಚೀಟಿ ಪರ್ಸಿನಲ್ಲೇ ಇತ್ತು, ಸ್ಟೇಷನ್ ಪಕ್ಕದ ಮೆಡಿಕಲ್‌ನಲ್ಲಿ ತೋರಿಸಿ ಅದೇ ಮಾತ್ರೆ ತಗೊಂಡೆ. ಕಡಿಮೆ ಆದ ಹಾಗೆ ಅನ್ನಿಸಿತು. ಈಗ ಜೂನ್, ಮತ್ತೆ ಅದೇ. ಈ ಸಲ ಮೆಡಿಕಲ್‌ನವನೇ ಮಾತ್ರೆ ಜೊತೆಗೆ ಒಂದು ಟ್ಯೂಬ್ ಕೊಟ್ಟ, 'ಮ್ಯಾಡಮ್, ಇದರಲ್ಲಿ ಎಲ್ಲ ಇದೆ' ಅಂತ. ಕಂದು ಬಣ್ಣದ ಪೇಪರ್ ಕವರಿನಲ್ಲಿ ಸುತ್ತಿ, ನನ್ನ ಮುಖ ನೋಡದೇ ಕೊಟ್ಟ. ಹಚ್ಚಿದ ಎರಡು ದಿನ ಸ್ವರ್ಗ. ಮೂರನೇ ದಿನದಿಂದ ಮೊದಲಿಗಿಂತ ಜಾಸ್ತಿ ಉರಿ. ನಿನ್ನೆ ಟ್ರೇನಿನಲ್ಲಿ ಸೀಟು ಸಿಕ್ಕಿದರೂ ದಾದರ್ ತನಕ ನಿಂತೇ ಬಂದೆ. ಡೊಂಬಿವಲಿಯಿಂದ ಹೋಗೋರಿಗೆ ಇದರ ಅರ್ಥ ಗೊತ್ತಾಗುತ್ತೆ.

ಯಾರಿಗಾದರೂ ಹೀಗೆ ಪದೇ ಪದೇ ಬಂದಿದೆಯಾ?

ಮಾಟುಂಗಾ ಆಂಟಿ

ಮಗಳೇ, ಇದು ಉಷ್ಣ. ಎಸಿ ಆಫೀಸು, ಹೊರಗಿನ ತಿಂಡಿ, ನಿದ್ದೆ ಇಲ್ಲ. ನಮ್ಮ ಕಾಲದಲ್ಲಿ ರಾತ್ರಿ ಮೆಂತ್ಯ ನೆನೆಹಾಕಿ ಬೆಳಿಗ್ಗೆ ಮಜ್ಜಿಗೆಯಲ್ಲಿ ಕುಡಿಯುತ್ತಿದ್ದೆವು. ಎಳನೀರು ಕುಡಿ. ಬಿಳಿ ಹೋಗೋದನ್ನ ಹಾಗೇ ಬಿಡಬಾರದು, ಮೂಳೆ ಸವೆದು ಕೆಳಗೆ ಹೋಗುತ್ತೆ, ಆಮೇಲೆ ಸೊಂಟ ಹಿಡಿಯುತ್ತೆ. ನನ್ನ ಅಕ್ಕನಿಗೆ ಹಾಗೇ ಆಗಿತ್ತು.

ಪುಣೆ ಸಿಸ್ಟರ್

ಆಂಟಿ, ಮಜ್ಜಿಗೆ ಎಳನೀರು ಎರಡೂ ಒಳ್ಳೇದೇ, ಕುಡಿಯಲಿ ಬಿಡಿ. ಆದರೆ ಮೂಳೆ ಸವೆಯೋ ಮಾತು ಮಾತ್ರ ಬೇಡ. ನಾನು ಹೆಣ್ಣುಮಕ್ಕಳ ಓಪಿಡಿಯಲ್ಲಿ 18 ವರ್ಷದಿಂದ ನರ್ಸ್. ಹುಬ್ಬಳ್ಳಿಯವರು ಬರಲಿ, ಸಾತಾರದವರು ಬರಲಿ, ಇದೇ ಭಯ. ಮರಾಠಿಯವರು 'ಅಂಗಾವರೂನ್ ಪಾಂಢರಂ ಜಾತಂ', ಅಂದರೆ ಮೈಯಿಂದ ಬಿಳಿ ಹೋಗುತ್ತೆ, ಅಂದು ಕಣ್ಣಲ್ಲಿ ನೀರು ಹಾಕುತ್ತಾರೆ. ಮೂಳೆ ಕರಗಿ ಅಲ್ಲಿಂದ ಹೊರಗೆ ಬರೋ ದಾರಿಯೇ ಇಲ್ಲ. ಸ್ವಲ್ಪ ಬಿಳಿ ಎಲ್ಲ ಹೆಂಗಸರಿಗೂ ಹೋಗುತ್ತೆ. ತಿಂಗಳ ಮಧ್ಯೆ, ಮೊಟ್ಟೆ ಬಿಡುಗಡೆಯಾಗೋ ಹೊತ್ತಿಗೆ, ಮೊಟ್ಟೆಯ ಲೋಳೆ ತರಹ ಎಳೆ ಎಳೆಯಾಗಿ ಜಾಸ್ತಿಯೇ ಹೋಗುತ್ತೆ. ಬಸುರಿಯಲ್ಲೂ ಜಾಸ್ತಿ. ತುರಿಕೆ, ಉರಿ, ವಾಸನೆ ಇಲ್ಲ ಅಂದರೆ ಸಾಮಾನ್ಯವಾಗಿ ಅದು ಕಾಯಿಲೆ ಅಲ್ಲ.

ಈಗ ಡೊಂಬಿವಲಿ ತಂಗಿ, ನಿಮಗೆ. ಈ ಯೀಸ್ಟ್ ಹೆಸರು ಕ್ಯಾಂಡಿಡಾ. ಹೆಚ್ಚಿನ ಸಲ ಕ್ಯಾಂಡಿಡಾ ಆಲ್ಬಿಕನ್ಸ್ ಅನ್ನೋ ಜಾತಿ. ಅದು ನಮ್ಮ ಬಾಯಿ, ಕರುಳು, ಯೋನಿ ಎಲ್ಲ ಕಡೆ ಸುಮ್ನೆ ಇರುತ್ತೆ. ಮುಂಬೈಯವರಿಗೆ ಹೇಳಬೇಕಂದರೆ ಪಗಡಿ ಬಾಡಿಗೆದಾರ. ಖಾಲಿ ಮಾಡಿಸೋಕಾಗಲ್ಲ, ಗಲಾಟೆ ಮಾಡದೇ ಮೂಲೆಯಲ್ಲಿರಲಿ ಅಂತ ನೋಡಿಕೊಳ್ಳಬೇಕು. ಅದನ್ನ ಮೂಲೆಯಲ್ಲಿ ಇಟ್ಟಿರೋದು ಅಲ್ಲೇ ಇರೋ ಒಳ್ಳೇ ಬ್ಯಾಕ್ಟೀರಿಯಾಗಳು, ಮೊಸರಿನ ಬ್ಯಾಕ್ಟೀರಿಯಾದ ನೆಂಟರು. ಆಂಟಿಬಯಾಟಿಕ್ ತಿಂದಾಗ ಹಲ್ಲಿನ ಕ್ರಿಮಿ ಜೊತೆ ಇವೂ ಸಾಯುತ್ತವೆ. ಆಂಟಿಬಯಾಟಿಕ್ ಯೀಸ್ಟನ್ನ ಮುಟ್ಟಲ್ಲ. ಕಾವಲುಗಾರ ಹೋದ, ಬಾಡಿಗೆದಾರ ನಡುಮನೆಗೆ ಬಂದು ಕೂತ. ನವೆಂಬರ್‌ನಲ್ಲಿ ನಿಮಗೆ ಆಗಿದ್ದು ಇದೇ. ನಾಚಿಕೆ ಪಡೋ ವಿಷಯ ಏನೂ ಇಲ್ಲ. ನಾಲ್ಕರಲ್ಲಿ ಮೂರು ಹೆಂಗಸರಿಗೆ ಜೀವಮಾನದಲ್ಲಿ ಒಂದು ಸಲವಾದರೂ ಬರುತ್ತೆ.

ಆದರೆ ಫೆಬ್ರವರಿಯದು, ಜೂನ್‌ದು ಯೀಸ್ಟ್ ಅಂತ ಹೇಳಿದ್ದು ಯಾರು? ಯಾರೂ ನೋಡಿಲ್ಲ ಅಲ್ವಾ? ಚೀಟಿ ನವೆಂಬರ್‌ದು. ತುರಿಕೆಗೆ ಹತ್ತು ಕಾರಣ ಇವೆ.

ನಾಲ್ಕು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೋಬೇಡಿ. ಈಗಲೂ ಒಡೆದ ಹಾಲಿನ ತರಹವೇ ಹೋಗುತ್ತಾ? ಮೀನಿನ ವಾಸನೆ ಇದೆಯಾ? ಅಲ್ಲಿಗೆ ಏನೇನು ಹಾಕುತ್ತೀರಿ, ಸೋಪು, ವಾಶ್, ಪ್ಯಾಡ್ ಎಲ್ಲ ಹೇಳಿ. ಕೊನೇ ಸಲ ಶುಗರ್ ನೋಡಿಸಿದ್ದು ಯಾವಾಗ?

ಮತ್ತೆ ಆ ಟ್ಯೂಬ್ ಮೇಲೆ ಏನು ಬರೆದಿದೆ ಓದಿ ಹೇಳಿ.

ಭಾಂಡುಪ್ ಬೆಡಗಿ

ನಾನಂತೂ ಯೀಸ್ಟ್ ಅಂದ ತಕ್ಷಣ ಪಾವ್ ಬಿಟ್ಟೆ, ಬ್ರೆಡ್ ಬಿಟ್ಟೆ, ಇಡ್ಲಿ ದೋಸೆ ಎಲ್ಲ ಬಿಟ್ಟೆ. ಎರಡು ತಿಂಗಳು ವಡಾ ಪಾವ್ ಗಾಡಿ ಮುಂದೆ ಬರೀ ವಡಾ ತಿಂದೆ. ಇದು ಸರಿನಾ ತಪ್ಪಾ ಯಾರಾದರೂ ಹೇಳಿ.

ಠಾಣೆ ಸ್ಲೈಡ್

ಅಯ್ಯೋ, ಪಾಪ! ಪಾವಿಗೆ ಹಾಕೋ ಯೀಸ್ಟೇ ಬೇರೆ, ಅದು ಸ್ಯಾಕರೋಮೈಸಿಸ್. ಅದೂ ಒಲೆಯಲ್ಲಿ ಬೆಂದು ಸತ್ತು ಹೋಗಿರುತ್ತೆ. ಇಡ್ಲಿ ಹಿಟ್ಟು ಉಬ್ಬಿಸೋದರಲ್ಲಂತೂ ದೊಡ್ಡ ಕೈ ಬ್ಯಾಕ್ಟೀರಿಯಾದ್ದು. ತಿನ್ನಿ ಆರಾಮಾಗಿ.

ನಾನು ಪ್ಯಾಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸಿಸ್ಟರ್ ಹೇಳಿದ 'ನೋಡೋದು' ಅಂದರೆ ಎಷ್ಟು ಸಣ್ಣ ಕೆಲಸ ಅಂತ ಹೇಳುತ್ತೇನೆ. ಡಾಕ್ಟರ್ ಹತ್ತಿಯ ಕಡ್ಡಿಯಲ್ಲಿ ಒಳಗಿನಿಂದ ಸ್ವಲ್ಪ ಸ್ರಾವ ತೆಗೆಯುತ್ತಾರೆ. ಅರ್ಧ ನಿಮಿಷ, ನೋವಿಲ್ಲ, ಮುಜುಗರ ಮಾತ್ರ. ಅದನ್ನ ಗಾಜಿನ ಸ್ಲೈಡ್ ಮೇಲೆ ಸವರಿ 10 ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಡುತ್ತೇವೆ. ಚರ್ಮದ ಕೋಶಗಳೆಲ್ಲ ಕರಗಿ ಮಸುಕಾಗುತ್ತವೆ. ಯೀಸ್ಟಿನ ಗೋಡೆ ಗಟ್ಟಿ, ಅದು ಕರಗಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಬಕ್ಕಿ ಕಾಳಿಗೆ ಮೊಳಕೆ ಬಂದ ಹಾಗೆ ಸಣ್ಣ ಸಣ್ಣ ಮೊಗ್ಗು, ಉದ್ದುದ್ದ ಎಳೆ. ಒಂದು ಸಲ ನೋಡಿದರೆ ಮರೆಯಲ್ಲ.

ಆ ಹನಿ ಬಿಟ್ಟಾಗ ಗಪ್ಪಂತ ಮೀನಿನ ವಾಸನೆ ಬಂದರೆ ಅದು ಯೀಸ್ಟ್ ಅಲ್ಲ, ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಅಲ್ಲಿ ಬೇರೆ ಬ್ಯಾಕ್ಟೀರಿಯಾ ಜಾಸ್ತಿಯಾಗಿ ಬರೋ ತೊಂದರೆ. ಹುಳಿ ಎಷ್ಟಿದೆ ಅಂತ ತೋರಿಸೋ ಪಿಎಚ್ ಪಟ್ಟಿಯೂ ಸಹಾಯ ಮಾಡುತ್ತೆ. ಯೀಸ್ಟಿನಲ್ಲಿ ಪಿಎಚ್ ಸಾಮಾನ್ಯವಾಗಿ 4.5ರ ಒಳಗೇ ಇರುತ್ತೆ, ವಜೈನೋಸಿಸ್‌ನಲ್ಲಿ ಅದಕ್ಕಿಂತ ಮೇಲೆ. ವಜೈನೋಸಿಸ್‌ಗೆ ಮೆಟ್ರೋನಿಡಜೋಲ್ ಅನ್ನೋ ಔಷಧಿ ಬೇಕು. ಫ್ಲುಕೊನಜೋಲ್ ಹತ್ತು ತಿಂದರೂ ಹೋಗಲ್ಲ.

ಒಂದು ಸುಮ್ನೆ ಮಾತು. ಫಂಗಸ್ಸಿಗೆ ಮನುಷ್ಯರಿಗೆ ಕೊಡಬಹುದಾದ ಮೊದಲ ಒಳ್ಳೇ ಔಷಧಿಗಳಲ್ಲಿ ಒಂದಾದ ನಿಸ್ಟಾಟಿನ್ ಕಂಡುಹಿಡಿದಿದ್ದು ಇಬ್ಬರು ಹೆಂಗಸರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. 1950ರ ಸುಮಾರು. ಹೇಜನ್ ಪರಿಚಯದವರ ತೋಟದ ಮಣ್ಣಲ್ಲಿ ಸಿಕ್ಕ ಒಂದು ಜೀವಿಯಿಂದ. ನ್ಯೂಯಾರ್ಕ್ ಸ್ಟೇಟ್ ಅನ್ನೋದರಿಂದಲೇ ನಿಸ್ಟಾಟಿನ್ ಅಂತ ಹೆಸರು. ನನಗೆ ಇದು ತುಂಬಾ ಇಷ್ಟ, ಅದಕ್ಕೆ ಬರೆದೆ.

ವಾಸ್ಕೋ ಅಕ್ಕಮ್ಮ

ಅಕ್ಕಾರ, ನಂದೂ ಒಂದು ಕೇಳ್ರಿ. ನಾವು ಗದಗ ಕಡೆಯವರು, ವಾಸ್ಕೋದಲ್ಲಿ ಹತ್ತು ವರ್ಷ ಆಯಿತು. ನನಗೀಗ ಆರನೇ ತಿಂಗಳು. ಇದೇ ತುರಿಕೆ ಬಂದಿದೆ. ಪಕ್ಕದ ಮನೆಯಾಕೆ ತನ್ನ ಹತ್ತಿರ ಇದ್ದ ಅದೇ ಒಂದು ಮಾತ್ರೆ ಕೊಟ್ಟಿದ್ದಾಳೆ, ಗುಲಾಬಿ ಕ್ಯಾಪ್ಸೂಲ್. ತಗೋಬಹುದಾ? ನಮ್ಮನೆಯವರು ಬೋಟಿಗೆ ಹೋಗಿದ್ದಾರೆ, ಬರೋದು ಎಂಟು ದಿನ.

ಪುಣೆ ಸಿಸ್ಟರ್

ಅಕ್ಕಮ್ಮ, ಬೇಡ. ಆ ಮಾತ್ರೆ ಹಾಗೇ ಇಡಿ. ಬಸುರಿಯಲ್ಲಿ ಫ್ಲುಕೊನಜೋಲ್ ನುಂಗೋ ಮಾತ್ರೆ ಕೊಡಲ್ಲ. ಕ್ಲೋಟ್ರಿಮಜೋಲ್ ಅಂತ ಒಳಗೆ ಇಡೋ ಗುಳಿಗೆ ಅಥವಾ ಕ್ರೀಮ್ ಏಳು ದಿನ ಕೊಡುತ್ತಾರೆ, ಅದರಿಂದ ಮಗುವಿಗೆ ತೊಂದರೆ ಇಲ್ಲ. ಆದರೆ ಅದನ್ನೂ ನೀವೇ ಹೋಗಿ ತರಬೇಡಿ. ನಿಮ್ಮ ಹೆರಿಗೆ ಕಾರ್ಡ್ ಎಲ್ಲಿ ಮಾಡಿಸಿದ್ದೀರೋ ಅಲ್ಲಿ ತೋರಿಸಿ. ಬಸುರಿಯಲ್ಲಿ ಶುಗರ್ ಪರೀಕ್ಷೆ ಮಾಡೋ ತಿಂಗಳೂ ಇದೇ, ಎರಡೂ ಕೆಲಸ ಒಂದೇ ಸಲ ಆಗುತ್ತೆ. ನೀರು ಸೋರಿದ ಹಾಗೆ ಅನ್ನಿಸಿದರೆ, ರಕ್ತ ಕಂಡರೆ, ಹೊಟ್ಟೆ ನೋವು ಬಂದರೆ ಎಂಟು ದಿನ ಯಜಮಾನರಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ದುಡ್ಡಿನ ಚಿಂತೆ ಇದ್ದವರಿಗೂ ಒಂದು ಮಾತು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತೆ. ಅಲ್ಲಿ ನೋಡೋದೂ ಫ್ರೀ, ಔಷಧಿಯೂ ಫ್ರೀ. ಕಾಯಿಲೆಗೆ ತಕ್ಕ ಹಾಗೆ ಬಣ್ಣದ ಪೊಟ್ಟಣ ಇರುತ್ತವೆ, ಇದಕ್ಕೆ ಹಸಿರು. ಅದರಲ್ಲಿ ಫ್ಲುಕೊನಜೋಲ್ ಜೊತೆ ಸೆಕ್ನಿಡಜೋಲ್ ಇರುತ್ತೆ. ಬಸುರಿಯರಿಗೆ ಆ ಪೊಟ್ಟಣ ಅಲ್ಲ, ಬೇರೆ ಔಷಧಿ, ಅದಕ್ಕೇ ಮೊದಲೇ ಬಾಯಿ ಬಿಟ್ಟು ಹೇಳಿ.

ವಾಸ್ಕೋ ಅಕ್ಕಮ್ಮ

ಆಯ್ತ್ರಿ ಅಕ್ಕಾರ. ಮಾತ್ರೆ ವಾಪಸ್ ಕೊಟ್ಟು ಬಂದೆ. ಆಕೆಗೆ ಸ್ವಲ್ಪ ಸಿಟ್ಟು ಬಂತು.

ಕೊಥ್ರೂಡ್ ಸೊಸೆ

ನನ್ನದು ಅತ್ತೆಯ ಕತೆ. ಅವರಿಗೆ 62. ಹದಿನೈದು ವರ್ಷದಿಂದ ಶುಗರ್. ಈ ವರ್ಷ ನಾಲ್ಕು ಸಲ ತುರಿಕೆ. ಪಾಪ, ಯಾರಿಗೂ ಹೇಳದೇ ರಾತ್ರಿ ಎದ್ದು ಬಾತ್ರೂಮಿನಲ್ಲಿ ಬಿಸಿನೀರು ಸುರಿದುಕೊಳ್ಳುತ್ತಿದ್ದರು. ಗೀಸರ್ ಲೈಟ್ ರಾತ್ರಿ ಎರಡಕ್ಕೆ ಉರಿಯೋದು ನೋಡಿ ನಾನೇ ಕೇಳಿದೆ. ಪ್ರತಿ ಸಲ ಮಾತ್ರೆ ತಗೊಂಡರೆ ಕಡಿಮೆ ಆಗುತ್ತೆ, ತಿಂಗಳು ಬಿಟ್ಟು ಮತ್ತೆ. ಈ ವಯಸ್ಸಲ್ಲಿ ಇದೇನು ಅಂತ ಅವರಿಗೆ ಅವಮಾನ.

ಪುಣೆ ಸಿಸ್ಟರ್

ಶುಗರ್ ಮಾತ್ರೆ ಈಚೆಗೆ ಬದಲಾಯಿಸಿದ್ದಾರಾ? ಡಬ್ಬಿ ತೆಗೆದು ನೋಡಿ. ಹೆಸರಿನ ಕೊನೆಗೆ 'ಗ್ಲಿಫ್ಲೋಜಿನ್' ಅಂತ ಇದೆಯಾ? ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಈ ತರಹ?

ಕೊಥ್ರೂಡ್ ಸೊಸೆ

ಅಯ್ಯೋ ದೇವರೇ. ಡಪಾಗ್ಲಿಫ್ಲೋಜಿನ್ 10. ಜನವರಿಯಿಂದ.

ಪುಣೆ ಸಿಸ್ಟರ್

ಅದೇ ಅಂದುಕೊಂಡೆ. ಅದು ಒಳ್ಳೇ ಔಷಧಿ, ಹೃದಯಕ್ಕೂ ಕಿಡ್ನಿಗೂ ಒಳ್ಳೇದು. ಆದರೆ ಅದು ಕೆಲಸ ಮಾಡೋ ರೀತಿಯೇ ರಕ್ತದಲ್ಲಿರೋ ಸಕ್ಕರೆಯನ್ನ ಮೂತ್ರದ ಮೂಲಕ ಹೊರಗೆ ಹಾಕೋದು. ಮೂತ್ರ ಸಿಹಿಯಾದರೆ ಯೀಸ್ಟಿಗೆ ದಿನಾ ಹಬ್ಬ. ಈ ಮಾತ್ರೆ ತಗೊಳ್ಳೋ ಹೆಂಗಸರಲ್ಲಿ ಇದು ಚೆನ್ನಾಗಿ ಗೊತ್ತಿರೋ ತೊಂದರೆ. ಬರೆದುಕೊಡೋ ಗಡಿಬಿಡಿಯಲ್ಲಿ ಹೇಳೋದು ಬಿಟ್ಟುಹೋಗುತ್ತೆ. ಅತ್ತೆಯಂಥವರು ಶುಗರ್ ಡಾಕ್ಟರಿಗೆ ತುರಿಕೆ ಹೇಳಲ್ಲ, ಹೆಂಗಸರ ಡಾಕ್ಟರಿಗೆ ಶುಗರ್ ಮಾತ್ರೆ ತೋರಿಸಲ್ಲ. ಇಬ್ಬರ ಮಧ್ಯೆ ಯೀಸ್ಟ್ ಸುಖವಾಗಿರುತ್ತೆ.

ಈಗ ಮಾಡಬೇಕಾದ್ದು. ಮಾತ್ರೆಯನ್ನ ನೀವೇ ನಿಲ್ಲಿಸಬೇಡಿ. ಎಲ್ಲ ಡಬ್ಬಿಗಳನ್ನ ಒಂದು ಚೀಲಕ್ಕೆ ಹಾಕಿಕೊಂಡು ಶುಗರ್ ಡಾಕ್ಟರ್ ಹತ್ತಿರ ಹೋಗಿ, ತುರಿಕೆಯ ವಿಷಯ ನೀವೇ ಹೇಳಿ. ಬದಲಾಯಿಸೋದಾ ಬಿಡೋದಾ ಅವರು ನೋಡುತ್ತಾರೆ. ಅಲ್ಲೀತನಕ ಪ್ರತಿ ಸಲ ಮೂತ್ರ ಆದ ಮೇಲೆ ಬರೀ ನೀರಲ್ಲಿ ತೊಳೆದು, ಒತ್ತಿ ಒಣಗಿಸಿಕೊಳ್ಳಲಿ. ಬಿಸಿನೀರು ಬೇಡ, ಚರ್ಮ ಇನ್ನೂ ಒಣಗಿ ತುರಿಕೆ ಜಾಸ್ತಿ ಆಗುತ್ತೆ. ಆ ಜಾಗದಲ್ಲಿ ಊತ, ತಡೆಯಲಾರದ ನೋವು, ಜ್ವರ ಬಂದರೆ ಮಾತ್ರ ಒಂದು ದಿನವೂ ಕಾಯಬಾರದು.

ಇನ್ನೊಂದು. ಮುಟ್ಟು ನಿಂತ ಮೇಲೆ ಶುಗರ್ ಇಲ್ಲದ ಹೆಂಗಸರಿಗೆ ಯೀಸ್ಟ್ ಅಷ್ಟಾಗಿ ಬರಲ್ಲ. ಆ ವಯಸ್ಸಿನವರಿಗೆ ತುರಿಕೆ ಅಂದರೆ ಒಣಗೋದು ಇರಬಹುದು, ಚರ್ಮದ್ದೇ ಬೇರೆ ಕಾಯಿಲೆ ಇರಬಹುದು. ಚರ್ಮ ಬೆಳ್ಳಗೆ, ತೆಳ್ಳಗೆ ಆಗುತ್ತಾ ಬಂದರೆ ಖಂಡಿತ ತೋರಿಸಬೇಕು.

ಲೋಕಲ್ ಗಂಡ

ಕ್ಷಮಿಸಿ, ಹೆಂಗಸರ ಚರ್ಚೆಯಲ್ಲಿ ನಾನು. ಹೆಂಡತಿಗೆ ಯೀಸ್ಟ್ ಬಂದಿದೆ. ನನ್ನಿಂದ ಬಂತಾ ಅಂತ ಅವಳಿಗೆ ಅನುಮಾನ. ನನಗೆ ಅವಳ ಮೇಲೆ ಅನುಮಾನ ಬಂತು ಅನ್ನೋದೂ ನಿಜ, ಸುಳ್ಳು ಯಾಕೆ ಹೇಳಲಿ. ನಾನೂ ಮಾತ್ರೆ ತಗೋಬೇಕಾ?

ಠಾಣೆ ಸ್ಲೈಡ್

ಕೇಳಿದ್ದು ಒಳ್ಳೇದಾಯಿತು. ಯೀಸ್ಟನ್ನ ಲೈಂಗಿಕ ರೋಗ ಅಂತ ಲೆಕ್ಕ ಹಾಕಲ್ಲ. ಯಾರ ಹತ್ತಿರವೂ ಹೋಗದ ಹುಡುಗಿಯರಿಗೂ ಬರುತ್ತೆ. ನಿಮಗೆ ಕೆಂಪಾಗೋದು, ತುರಿಕೆ ಇದ್ದರೆ ತೋರಿಸಿ. ಇಲ್ಲ ಅಂದರೆ ಮಾತ್ರೆ ಬೇಡ. ಹಸಿರು ಹಳದಿ ನೊರೆ ನೊರೆಯಾಗಿ ಹೋದರೆ ಟ್ರೈಕೊಮೊನಾಸ್ ಅನ್ನೋ ಜೀವಿ ಇರಬಹುದು, ಅದು ಬೇರೆ, ಲೈಂಗಿಕ ರೋಗ. ಅದಾದರೆ ಗಂಡ ಹೆಂಡತಿ ಇಬ್ಬರೂ ಔಷಧಿ ತಗೋಬೇಕು. ಒಳಗೆ ಇಡೋ ಗುಳಿಗೆ, ಕ್ರೀಮ್ ಬಳಸೋ ದಿನಗಳಲ್ಲಿ ಕಾಂಡೋಮ್ ನಂಬಬೇಡಿ, ಅದರ ಎಣ್ಣೆಗೆ ರಬ್ಬರ್ ಸಡಿಲ ಆಗುತ್ತೆ. ಅನುಮಾನಕ್ಕೆ ನಮ್ಮ ಲ್ಯಾಬಿನಲ್ಲಿ ಸ್ಲೈಡ್ ಇಲ್ಲ.

ಡೊಂಬಿವಲಿ ಫಾಸ್ಟ್

ಸಿಸ್ಟರ್, ನಿಮ್ಮ ಪ್ರಶ್ನೆಗಳಿಗೆ ಉತ್ತರ. ವಾಸನೆ ಇಲ್ಲ. ಈ ಸಲ ಒಡೆದ ಹಾಲಿನ ತರಹ ಏನೂ ಹೋಗ್ತಿಲ್ಲ, ಈಗ ಯೋಚಿಸಿದರೆ ಫೆಬ್ರವರಿಯಲ್ಲೂ ಇರಲಿಲ್ಲ. ಬರೀ ಉರಿ, ತುರಿಕೆ. ಶುಗರ್ ಯಾವತ್ತೂ ನೋಡಿಸಿಲ್ಲ, ಅಪ್ಪನಿಗೆ ಇದೆ.

ನವೆಂಬರ್‌ನಲ್ಲಿ ಹೆದರಿ ಒಂದು ಇಂಟಿಮೇಟ್ ವಾಶ್ ತಂದೆ. ಬೆಳಿಗ್ಗೆ, ಆಫೀಸಿನಲ್ಲಿ, ರಾತ್ರಿ, ದಿನಕ್ಕೆ ಮೂರು ಸಲ, ಒಳಗೂ ತೊಳೆಯುತ್ತೇನೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ರಾತ್ರಿ ಎಂಟೂವರೆ. ಸ್ಟೇಷನ್ ಟಾಯ್ಲೆಟ್‌ಗೆ ಹೋಗೋಕೆ ಮನಸ್ಸು ಬರಲ್ಲ, ಅದಕ್ಕೆ ದಿನಾ ಪ್ಯಾಂಟಿ ಲೈನರ್, ಪರಿಮಳದ್ದು. ಒಂದೇ ಇಡೀ ದಿನ. ಈ ಮಳೆಯಲ್ಲಿ ಒಳಬಟ್ಟೆಯೂ ಸರಿಯಾಗಿ ಒಣಗಲ್ಲ, ಫ್ಯಾನ್ ಕೆಳಗೆ ಕುರ್ಚಿ ಮೇಲೆ ಹಾಕಿ ಅರ್ಧ ಒದ್ದೆಯಲ್ಲೇ ಹಾಕಿಕೊಳ್ಳುತ್ತೇನೆ.

ಟ್ಯೂಬ್ ಮೇಲೆ ಕ್ಲೋಬೆಟಸಾಲ್, ನಿಯೋಮೈಸಿನ್, ಮೈಕೊನಜೋಲ್ ಅಂತಿದೆ.

ಪುಣೆ ಸಿಸ್ಟರ್

ಟ್ಯೂಬ್ ಇವತ್ತೇ ನಿಲ್ಲಿಸಿ. ಕ್ಲೋಬೆಟಸಾಲ್ ತುಂಬಾ ಜೋರಾದ ಸ್ಟೀರಾಯ್ಡ್. ಅದು ಹಚ್ಚಿದ ಎರಡು ದಿನ ಕೆಂಪು, ತುರಿಕೆ ಎಲ್ಲ ಮುಚ್ಚುತ್ತೆ, ನಿಮಗೆ ಸ್ವರ್ಗ ಅನ್ನಿಸಿದ್ದು ಅದಕ್ಕೇ. ಫಂಗಸ್ ಇದ್ದರೆ ಕೆಳಗೆ ಅದು ಬೆಳೆಯುತ್ತೆ, ಇಲ್ಲದಿದ್ದರೂ ಚರ್ಮ ತೆಳ್ಳಗಾಗುತ್ತೆ. ಕೆಲವರಿಗೆ ಆ ನಿಯೋಮೈಸಿನ್ನೇ ಅಲರ್ಜಿ ಮಾಡುತ್ತೆ. ತೊಡೆಸಂದಿಯ ಗಜಕರ್ಣಕ್ಕೆ ಇದೇ ಟ್ಯೂಬ್ ಹಚ್ಚಿ ಹಚ್ಚಿ ಹೊಟ್ಟೆ ತನಕ ಹಬ್ಬಿಸಿಕೊಂಡವರನ್ನ ನಾನು ವಾರಕ್ಕೆ ನಾಲ್ಕು ನೋಡುತ್ತೇನೆ.

ವಾಶ್ ನಿಲ್ಲಿಸಿ. ಒಳಗೆ ತೊಳೆಯೋದಂತೂ ಯಾವತ್ತೂ ಬೇಡ, ಅಲ್ಲಿ ಅದೇ ತನ್ನನ್ನ ತೊಳೆದುಕೊಳ್ಳುತ್ತೆ. ಹೊರಗೆ ಬರೀ ನೀರು ಸಾಕು. ಲೈನರ್ ನಿಲ್ಲಿಸಿ, ಬ್ಯಾಗಿನಲ್ಲಿ ಒಂದು ಜೊತೆ ಕಾಟನ್ ಒಳಬಟ್ಟೆ ಇಟ್ಟುಕೊಂಡು ಮಧ್ಯಾಹ್ನ ಬದಲಾಯಿಸಿ. ಒದ್ದೆ ಬಟ್ಟೆಗೆ ಇಸ್ತ್ರಿ ಹೊಡೆದು ಒಣಗಿಸಿ, ಐದು ನಿಮಿಷದ ಕೆಲಸ. ಆಮೇಲೆ ಡಾಕ್ಟರ್ ಹತ್ತಿರ ಹೋಗಿ ಸ್ವಾಬ್, ಅಂದರೆ ಆ ಹತ್ತಿ ಕಡ್ಡಿಯ ಪರೀಕ್ಷೆ ಮಾಡಿಸಿ, ಶುಗರ್ ಕೂಡ. ಮಾತ್ರೆ ತಗೊಂಡಿದ್ದನ್ನ, ಟ್ಯೂಬನ್ನ ಮುಚ್ಚಿಡಬೇಡಿ.

ನಿಜವಾಗಿ ಯೀಸ್ಟೇ ವರ್ಷದಲ್ಲಿ ಮೂರು ಸಲ ಬಂದರೆ ಅದಕ್ಕೆ ಚಿಕಿತ್ಸೆ ಬೇರೆ. 150ರ ಮಾತ್ರೆ ಮೂರು ದಿನಕ್ಕೊಂದರಂತೆ ಮೂರು, ಆಮೇಲೆ ವಾರಕ್ಕೊಂದು ಆರು ತಿಂಗಳು. ಇದನ್ನ ಓದಿ ಯಾರೂ ಮೆಡಿಕಲ್‌ಗೆ ಓಡಬೇಡಿ. ಬೇರೆ ಮಾತ್ರೆ ಜೊತೆ ಜಗಳ ಆಡುತ್ತೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಲಿವರ್ ತೊಂದರೆ ಇರೋರು ಎಚ್ಚರ. ಗ್ಲಾಬ್ರಾಟಾ ಅಂತ ಇನ್ನೊಂದು ಜಾತಿ ಇದೆ, ಅದು ಈ ಮಾತ್ರೆಗೆ ಅಷ್ಟು ಬಗ್ಗಲ್ಲ. ಕಲ್ಚರ್, ಅಂದರೆ ಸ್ರಾವದಲ್ಲಿರೋದನ್ನ ಲ್ಯಾಬಿನಲ್ಲಿ ಬೆಳೆಸಿ ನೋಡಿದರೇ ಗೊತ್ತಾಗೋದು.

ಮಾಟುಂಗಾ ಆಂಟಿ

ಮೊಸರು ಒಳಗೆ ಹಚ್ಚಬಹುದು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಬೆಳ್ಳುಳ್ಳಿ ಕೂಡ.

ಪುಣೆ ಸಿಸ್ಟರ್

ಆಂಟಿ, ಮೊಸರು ಅನ್ನಕ್ಕೆ. ಬೆಳ್ಳುಳ್ಳಿ ಒಗ್ಗರಣೆಗೆ. ಬೆಳ್ಳುಳ್ಳಿ ಇಟ್ಟುಕೊಂಡು ಸುಟ್ಟ ಗಾಯ ಮಾಡಿಕೊಂಡವರನ್ನ ನೋಡಿದ್ದೇನೆ.

ಮಾಟುಂಗಾ ಆಂಟಿ

ಸರಿಯಮ್ಮ. ನಾನು ಮಾಡಿಲ್ಲ, ಬರೀ ಫಾರ್ವರ್ಡ್ ಮಾಡಿದ್ದೆ.

ಡೊಂಬಿವಲಿ ಫಾಸ್ಟ್

ಮೂರು ವಾರದ ನಂತರ ಬರೀತಿದ್ದೇನೆ. ಹೋಗಿ ಬಂದೆ. ಕಾಯೋವಾಗ ಮೂರು ಸಲ ಎದ್ದು ಹೊರಗೆ ಹೋಗೋಣ ಅನ್ನಿಸಿತು. ಡಾಕ್ಟರ್ ನೋಡಿ, 'ಇದು ಸುಟ್ಟುಕೊಂಡ ಚರ್ಮ, ಎಷ್ಟು ತೊಳೆಯುತ್ತೀಯಮ್ಮ?' ಅಂದರು. ಸ್ಲೈಡ್‌ನಲ್ಲಿ ಯೀಸ್ಟ್ ಇಲ್ಲ. ಕಲ್ಚರ್‌ನಲ್ಲೂ ಬೆಳೆಯಲಿಲ್ಲ. ನವೆಂಬರ್‌ದು ಯೀಸ್ಟೇ, ಆಮೇಲಿನ ಎರಡೂ ವಾಶ್, ಲೈನರ್, ಕೊನೆಗೆ ಆ ಟ್ಯೂಬ್, ಎಲ್ಲ ನಾನೇ ಮಾಡಿಕೊಂಡಿದ್ದು ಇರಬಹುದು ಅಂದರು. ಮಾತ್ರೆ ಏನೂ ಕೊಡಲಿಲ್ಲ, ಹಚ್ಚೋಕೆ ಬರೀ ವ್ಯಾಸಲೀನ್. ನನಗೆ ಮೊದಲು ಮೋಸ ಹೋದ ಹಾಗೆ ಅನ್ನಿಸಿತು, ಫೀಸು ಕೊಟ್ಟು ವ್ಯಾಸಲೀನಾ ಅಂತ.

ಟ್ಯೂಬ್ ಬಿಟ್ಟ ಮೊದಲ ವಾರ ಉರಿ ಜಾಸ್ತಿಯೇ ಆಯಿತು. ಎರಡನೇ ವಾರದಿಂದ ಇಳಿಯಿತು. ಆದರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ 6.1 ಬಂದಿದೆ, ಶುಗರ್ ಬಾಗಿಲಲ್ಲಿ ನಿಂತಿದೆ ಅಂದರು. ಅಪ್ಪನಿಗೆ ಫೋನ್ ಮಾಡಿ ಅದನ್ನ ಹೇಳಿದೆ, ಹೇಗೆ ಗೊತ್ತಾಯಿತು ಅಂತ ಕೇಳಿದರು. ಅಮ್ಮನಿಗೆ ಫೋನ್ ಕೊಡಿ ಅಂದೆ.

ಕೊಥ್ರೂಡ್ ಸೊಸೆ

ಅತ್ತೆಯ ಮಾತ್ರೆ ಬದಲಾಯಿತು. ಹದಿನೆಂಟು ದಿನದಿಂದ ರಾತ್ರಿ ಗೀಸರ್ ಉರಿದಿಲ್ಲ.

ಭಾಂಡುಪ್ ಬೆಡಗಿ

ನಾನು ಎರಡು ವಡಾ ಪಾವ್ ತಿಂದೆ.